ಸದರಿ ಸೋಫಾ ನಮ್ಮದಲ್ಲ

ಖಾಸಗಿ ಕಾಲೇಜೊಂದರ ಶುಲ್ಕ ರಿಯಾಯಿತಿ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ

೧. ಅರ್ಜಿದಾರಳು: ನನ್ನ ಮೊಮ್ಮಗಳು. ಕೃತಕ ಕೈಕಾಲು ತಯಾರಿಕೆಯ ಪದವಿಗೆ ತಮ್ಮದೇ ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದವಳು.
೨. ತಂದೆ: ಬಸ್ ನಿಲ್ದಾಣದ ಹೊರಗೋಡೆಗೆ ಒರಗಿ ಚಪ್ಪಲಿ, ಬೂಟು ರಿಪೇರಿ ಮಾಡುವವನು. ತಾಯಿ: ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿಯವಳು.
೩. ವಾಸ: ಒಂದು ಕೋಣೆ, ನಾಲ್ಕು ಜನ.
೪. ಸಮಿತಿಯ ತೀರ್ಮಾನ: "ಕುಟುಂಬವು ಸ್ಥಿತಿವಂತವೆಂದು ಕಂಡುಬಂದಿರುವುದರಿಂದ ರಿಯಾಯಿತಿ ನಿರಾಕರಿಸಲಾಗಿದೆ."
೫. ತೀರ್ಮಾನಕ್ಕೆ ಆಧಾರ: ಒಂದು ಸೋಫಾ.

ಮಾನ್ಯರೇ,

ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಸೋಫಾ ನಮ್ಮದಲ್ಲ. ಅದು ಮೇಲಿನ ಮನೆಯವರದು. ಇಷ್ಟನ್ನು ತಿಳಿಸಲು ಇಷ್ಟುದ್ದದ ಪತ್ರವೇಕೆ, ಅದೂ ಬಹಿರಂಗವಾಗಿ ಏಕೆ ಎಂದು ತಾವು ಕೇಳಬಹುದು. ಮುಚ್ಚಿದ ಲಕೋಟೆಯಲ್ಲಿ ಕಳುಹಿಸಿದ ಹಿಂದಿನ ಎರಡು ಪತ್ರಗಳು ತಮ್ಮ ಕಚೇರಿಯಲ್ಲಿ ಇಂದಿಗೂ ಮುಚ್ಚಿಯೇ ಇರುವಂತೆ ತೋರುವುದರಿಂದ, ಮೂರನೆಯದನ್ನು ತೆರೆದೇ ಕಳುಹಿಸುವುದು ಉಚಿತವೆನಿಸಿತು.

ನಾನು ನ್ಯಾಯಾಲಯದ ಎದುರು ಕುಳಿತು ಪರರ ಅರ್ಜಿಗಳನ್ನು ಶುದ್ಧಪ್ರತಿ ಮಾಡಿ ಬದುಕಿದವನು. ಮನೆ ಮಾಲೀಕನಿಗೂ ಅವನ ಬಾಡಿಗೆದಾರನಿಗೂ ಒಂದೇ ಮಧ್ಯಾಹ್ನ ಅರ್ಜಿ ಬರೆದುಕೊಟ್ಟಿದ್ದೇನೆ. ಇಬ್ಬರೂ "ಕಡುಬಡವನಾದ ನಾನು" ಎಂದೇ ಆರಂಭಿಸಿದ್ದರು. ಆ ಪದವನ್ನು ಊರಿನವರೆಲ್ಲರ ಪರವಾಗಿ ಬರೆದ ಕೈ ನಮ್ಮ ಮನೆಯ ಪರವಾಗಿ ಒಮ್ಮೆಯೂ ಬರೆದದ್ದಿಲ್ಲ. ಈ ಸಲವೂ ಬರೆಯಲಿಲ್ಲ. ತಾವು ಕೇಳಿದ್ದು ಆದಾಯ ಪ್ರಮಾಣಪತ್ರ, ಸಲ್ಲಿಸಿದೆವು. ಅದರಿಂದ ತೃಪ್ತರಾಗದೆ, ಮನೆ ಪರಿಶೀಲನೆಗೆ ತಮ್ಮ ಪ್ರತಿನಿಧಿ ಬರುವರೆಂದು ವಾರದ ಮುಂಚೆಯೇ ತಿಳಿಸಿದಿರಿ. ಸಮಸ್ತ ಎಡವಟ್ಟಿಗೂ ಈ ಸೌಜನ್ಯವೇ ಮೂಲ. ತಾವು ಪರಿಶೀಲಕರನ್ನು ಕಳುಹಿಸಿದಿರಿ. ನಾವು ಅತಿಥಿಯನ್ನು ಬರಮಾಡಿಕೊಂಡೆವು.

ಮನೆಗೆ ಯಾರಾದರೂ ಬರುತ್ತಾರೆಂದರೆ ಇದ್ದುದರಲ್ಲಿ ಒಳ್ಳೆಯದನ್ನು ಮುಂದಿಡಬೇಕು. ಇಲ್ಲದಿದ್ದರೆ ಇದ್ದವರ ಮನೆಯಿಂದ ತಂದು ಮುಂದಿಡಬೇಕು. ನಮ್ಮ ಬೀದಿ ನಡೆಯುವುದೇ ಹೀಗೆ. ಸದರಿ ಸೋಫಾ ಈಗಾಗಲೇ ಎರಡು ಮದುವೆ ಮಾತುಕತೆಗಳನ್ನೂ ಒಬ್ಬ ವಿಮಾ ಏಜೆಂಟನನ್ನೂ ಬೇರೆ ಬೇರೆ ಮನೆಗಳಲ್ಲಿ ಕಂಡಿದೆ. ನಾನೂ ಮಗನೂ ಅದನ್ನು ಮೆಟ್ಟಿಲಿಳಿಸುವಾಗ ಅದರ ಒಡತಿ ಹಿಂದೆಯೇ ಬಂದರು.

"ತಾತಾ, ಒಯ್ಯಿರಿ, ಬೇಡ ಅನ್ನಲ್ಲ. ಆದ್ರೆ ಎಡಗಡೆ ಕಾಲು ಅಲ್ಲಾಡುತ್ತೆ. ಸಾಹೇಬರನ್ನ ಬಲಕ್ಕೆ ಕೂರ್ಸಿ, ಎಡಕ್ಕೆ ನೀವು ಕೂತ್ಕೊಳ್ಳಿ."

"ನಮ್ಮಪ್ಪ ಬಿದ್ರೆ ಪರವಾಗಿಲ್ವೇನಕ್ಕಾ?" ಎಂದ ನನ್ನ ಮಗ.

"ನಿಮ್ಮಪ್ಪಾನಾ? ಬಗ್ಗೋದೇ ಇಲ್ಲ, ಇನ್ನು ಬೀಳ್ತಾರಾ!"

ಸೋಫಾ ಒಳಬರಬೇಕಾದರೆ ಮಂಚ ಹೊರಹೋಗಬೇಕಾಯಿತು. ಮಂಚವನ್ನು ಓಣಿಯ ಗೋಡೆಗೆ ನಿಲ್ಲಿಸಿದೆವು. ಪಾಳಿ ಮುಗಿಸಿ ಬಂದ ಸೊಸೆ ಮಲಗಲು ಜಾಗವಿಲ್ಲದೆ ಮೇಲಿನ ಮನೆಗೆ ಹೋದಳು. ಪರದೆ ಟೈಲರ್ ಕೊಟ್ಟದ್ದು, ಕಪ್ಪು-ಬಸಿ ಕ್ಷೌರದಂಗಡಿಯವರದು.

ತಮ್ಮ ಪ್ರತಿನಿಧಿ ಸೌಮ್ಯ ಯುವಕರು. ಅವರ ಮೇಲೆ ನನ್ನ ದೂರಿಲ್ಲ. ಬಲಗಡೆಯೇ ಕುಳಿತರು. "ಹುಡುಗಿಯ ಅಮ್ಮ ಎಲ್ಲಿ?" ಎಂದರು. ಮಂಚವಿಲ್ಲದೆ ಪರರ ಮನೆಯಲ್ಲಿ ಮಲಗಿದ್ದಾಳೆಂದು ಅತಿಥಿಗೆ ಹೇಳಲಾದೀತೆ? "ಮೇಲ್ಗಡೆ ಇದ್ದಾಳೆ" ಎಂದೆ. ತೀರ್ಮಾನದ ಜೊತೆ ತಾವು ಕಳುಹಿಸಿದ ಅವರ ವರದಿಯಲ್ಲಿ ನಮ್ಮ ಒಂದು ಕೋಣೆಗೆ ಮೇಲಂತಸ್ತು ಬಂದಿದ್ದು ಹೀಗೆ. ಕಟ್ಟಡ ಪರವಾನಗಿಯಿಲ್ಲದೆ, ಒಂದೇ ವಾಕ್ಯದಲ್ಲಿ ಮನೆ ಕಟ್ಟಿಸಿಕೊಟ್ಟದ್ದಕ್ಕೆ ಸಮಿತಿಗೆ ಋಣಿ.

ಬಳಿಕ ಅವರು ನನ್ನ ಮಗನನ್ನು ಕೇಳಿದರು. "ಸಂಸಾರಕ್ಕೆ ಏನು ಕೊರತೆ ಇದೆ, ಹೇಳಿ."

"ಅಯ್ಯೋ, ಏನಿಲ್ಲ ಸಾರ್, ಆರಾಮಾಗಿದೀವಿ. ನೀವು ಚಹಾ ತಗೊಳ್ಳಿ, ಆರೋಗುತ್ತೆ."

"ಯಾವ ಕೊರತೆಯೂ ಇಲ್ಲವೆಂದು ತಂದೆಯೇ ಒಪ್ಪಿಕೊಂಡಿದ್ದಾರೆ" ಎಂಬುದು ವರದಿಯ ಕೊನೆಯ ಸಾಲು. ಮಾನ್ಯರೇ, ತಮ್ಮ ಮನೆಗೆ ಬಂದವರು "ಹೇಗಿದ್ದೀರಿ?" ಎಂದರೆ ತಾವು ರಕ್ತಪರೀಕ್ಷೆಯ ವರದಿಯನ್ನು ಓದಿ ಹೇಳುವಿರಾ?

ನನ್ನ ಮೊಮ್ಮಗಳ ಬಗ್ಗೆ ಆ ವರದಿಯಲ್ಲಿ ಒಂದಕ್ಷರವೂ ಇಲ್ಲವಾದ್ದರಿಂದ ನಾನೇ ಬರೆಯುತ್ತೇನೆ. ಅವಳನ್ನು ಬೀದಿಯವರು "ಮೊಳೆ" ಎಂದು ಕರೆಯುತ್ತಾರೆ. ಚಿಕ್ಕಂದಿನಲ್ಲಿ ಅಪ್ಪನಂತೆ ತುಟಿಯಲ್ಲಿ ಮೊಳೆ ಕಚ್ಚಿ ಕೂರುತ್ತಿದ್ದುದಕ್ಕೆ. ಬಸ್ ನಿಲ್ದಾಣದಲ್ಲಿ ಪತ್ರಿಕೆ ಮಾರುವವನಿಗೆ ಒಂದು ಕಾಲು ಗಿಡ್ಡ. ಕಳೆದ ವರ್ಷ ಇವಳು ಹಳೆಯ ಅಟ್ಟೆಗಳನ್ನು ಪದರ ಪದರವಾಗಿ ಅಂಟಿಸಿ, ಉಜ್ಜಿ, ಅವನನ್ನು ಮತ್ತೆ ಮತ್ತೆ ನಡೆಸಿ ನೋಡಿ ಒಂದು ಬೂಟು ಮಾಡಿಕೊಟ್ಟಳು. ಅವನು ಎದ್ದು ನಿಂತು ಸುತ್ತ ನೋಡಿದ.

"ನೆಲಾನೇ ಸರಿ ಮಾಡ್ಬಿಟ್ಯಲ್ಲ ತಾಯಿ!" ಎಂದ.

ಅಂದಿನಿಂದ ಅವಳಿಗೆ ಬೇರೆ ಓದು ರುಚಿಸಿಲ್ಲ. ಆ ಓದು ನಮ್ಮ ಸುತ್ತಮುತ್ತ ಇರುವುದು ತಮ್ಮ ಕಾಲೇಜಿನಲ್ಲಿ ಮಾತ್ರ. ಶುಲ್ಕದ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ತಮ್ಮ ಜಾಹೀರಾತು ಫಲಕವೇ ನನ್ನ ಮಗನ ಅಂಗಡಿಗೆ ನೆರಳು ಕೊಡುವಷ್ಟು ದೊಡ್ಡದಾಗಿ ಸಾರುತ್ತಿದೆ.

ತಮ್ಮ ತೀರ್ಮಾನ ತಲುಪಿದ ದಿನ ಅವಳು ಅಳಲಿಲ್ಲ. ನನ್ನೆದುರು ಬಂದು ನಿಂತಳು.

"ತಾತಾ, ನೀವು ಅವರಿಗೆ ನಮ್ಮನೆ ತೋರಿಸ್ಲೇ ಇಲ್ಲ. ಬೀದೀಲಿರೋ ಎಲ್ಲರ ಮನೇನೂ ತೋರಿಸಿದ್ರಿ."

"ಮತ್ತೆ? ಬಂದೋರನ್ನ ನೆಲದ ಮೇಲೆ ಕೂರಿಸ್ಬೇಕಿತ್ತಾ?"

"ನಾನು ಇಷ್ಟು ವರ್ಷ ಅಲ್ಲೇ ಕೂತು ಓದಿದ್ದು. ನನಗೇನಾಯ್ತು?"

ಜೀವಮಾನವಿಡೀ ವಾದ-ಪ್ರತಿವಾದಗಳನ್ನು ನಕಲು ಮಾಡಿದ ನಾನು ಅವಳ ಈ ವಾದವನ್ನೂ ಯಥಾವತ್ತಾಗಿ ಇಲ್ಲಿ ನಕಲು ಮಾಡಿದ್ದೇನೆ.

ಸುದ್ದಿ ತಿಳಿದು ಬೀದಿಯಲ್ಲಿ ಒಬ್ಬ ಸಲಹೆಗಾರ ಹುಟ್ಟಿಕೊಂಡ. ಇಂತಹ ಪರಿಶೀಲನೆಗಳಿಗೆ ಮನೆಗಳನ್ನು ಸಜ್ಜುಗೊಳಿಸುವುದು ಅವನ ಉಪವೃತ್ತಿಯಂತೆ. "ಮೇಲ್ಮನವಿ ಹಾಕಿ ತಾತಾ. ಬಲ್ಬ್ ಬಿಚ್ಚಿಡಿ, ಕಿಟಕಿಗೆ ರಟ್ಟು ಹೊಡೀರಿ. ನೀವು ಮೂಲೇಲಿ ಕಂಬಳಿ ಹೊದ್ದು ಮಲಗಿ. ಕೆಮ್ಮಿದ್ರೆ ಇನ್ನೂ ಒಳ್ಳೇದು" ಎಂದ.

"ನನಗೆ ಕೆಮ್ಮಿಲ್ವಲ್ಲಪ್ಪಾ."

"ಮೊಮ್ಮಗಳಿಗೋಸ್ಕರ ಅಷ್ಟೂ ಮಾಡಲ್ವಾ?"

ಅವನನ್ನು ಹೊರಗೆ ಕಳುಹಿಸಿದೆ. ಆದರೆ ಅವನ ಪ್ರಶ್ನೆ ಹೊರಗೆ ಹೋಗಲಿಲ್ಲ. ಆದ್ದರಿಂದ ಅದನ್ನು ತಮಗೆ ದಾಟಿಸುತ್ತಿದ್ದೇನೆ. ಆದಾಯ ಎಷ್ಟೆಂದು ಮುದ್ರೆಯೊತ್ತಿದ ಕಾಗದ ಹೇಳುತ್ತಿರುವಾಗ, ತಾವು ಮನೆಗೆ ಬಂದು ಹುಡುಕುವುದಾದರೂ ಏನನ್ನು? ಬಡತನಕ್ಕೂ ಸಮವಸ್ತ್ರ ನಿಗದಿಯಾಗಿದೆಯೆ? ಒಗೆದ ಪರದೆ ಅನರ್ಹತೆಯೆ? ಕೆಮ್ಮುವ ಮುದುಕನಿಗೆ ಹೆಚ್ಚುವರಿ ಅಂಕವೆಷ್ಟು? "ಘನತೆಯ ಬದುಕಿಗಾಗಿ ಶಿಕ್ಷಣ" ಎಂದು ತಮ್ಮ ಕರಪತ್ರದಲ್ಲಿ ಅಚ್ಚಾಗಿದೆ. ಘನತೆಯನ್ನು ಪದವಿಯ ಕೊನೆಗೆ ಕೊಡುವುದಾಗಿ ಒಪ್ಪಿಕೊಂಡಿರುವ ತಾವು, ಅದು ಒಂದಿಷ್ಟು ಮೊದಲೇ ಇದ್ದವರನ್ನು ಬಾಗಿಲಲ್ಲೇ ತಡೆಯುವುದು ಯಾವ ನಿಯಮದ ಅಡಿಯಲ್ಲಿ?

ತಿಂಗಳ ಕೊನೆಗೆ ಅವಳ ಸೀಟು ಕಾಯುವ ಪಟ್ಟಿಯವರ ಪಾಲಾಗುತ್ತದೆ. ಮೊನ್ನೆ ಅವಳು ತನ್ನ ಪುಸ್ತಕಗಳನ್ನು ಟೈಲರ್ ಮಗಳಿಗೆ ಕೊಟ್ಟುಬಂದಳು. ಅಪ್ಪನ ಪಕ್ಕ ಕೂರಲು ಒಂದು ಸ್ಟೂಲು ಬೇಕೆಂದಳು. ನನ್ನ ಮಗ ಕೇಳಿಸದವನಂತೆ ಒಂದು ಬೂಟಿನ ಹಿಮ್ಮಡಿಗೆ ಮೊಳೆ ಹೊಡೆಯುತ್ತಲೇ ಇದ್ದ. ಆ ಹಿಮ್ಮಡಿಗೆ ಅಷ್ಟು ಮೊಳೆ ಬೇಕಿರಲಿಲ್ಲ.

ಆದಕಾರಣ ನನ್ನ ಬೇಡಿಕೆ ಇಷ್ಟು. ತೀರ್ಮಾನವನ್ನು ಕಾಗದ ನೋಡಿ ಬದಲಿಸಿ. ಕಾಗದ ಸಾಲದೆಂದರೆ ಮತ್ತೆ ಬನ್ನಿ. ಈ ಸಲ ಹೇಳದೆ ಬನ್ನಿ, ಬೆಳಿಗ್ಗೆಯೇ ಬನ್ನಿ. ಪಾಳಿ ಮುಗಿಸಿದ ಸೊಸೆ ಮಂಚದ ಮೇಲೆ ಮಲಗಿರುತ್ತಾಳೆ. ದಯವಿಟ್ಟು ಮೆಲ್ಲಗೆ ಮಾತನಾಡಿ. ಏನು ಕೊರತೆಯೆಂದು ಕೇಳಿದರೆ ಮೊಮ್ಮಗಳು ಉತ್ತರಿಸುತ್ತಾಳೆ. ನಾನು ಬಾಯಿ ತೆರೆಯಬಾರದೆಂದು ಅವಳ ಆಜ್ಞೆಯಾಗಿದೆ, ಪಾಲಿಸುತ್ತೇನೆ. ಮತ್ತು ಮಾನ್ಯರೇ, ಈ ವಯಸ್ಸಿನವರೆಗೆ ಯಾರಿಗೂ ಮಾಡದ ಕೆಲಸವೊಂದನ್ನು ನಾನು ತಮಗೆ ಮಾಡಲಿದ್ದೇನೆ: ಮನೆಗೆ ಬಂದವರನ್ನು ಬರಿನೆಲದ ಮೇಲೆ ಕೂರಿಸುತ್ತೇನೆ. ಪಕ್ಕದಲ್ಲಿ ನಾನೂ ಕೂರುತ್ತೇನೆ. ಆ ಅವಮಾನ ನನ್ನ ಲೆಕ್ಕಕ್ಕಿರಲಿ. ಸೀಟು ಅವಳಿಗೆ ಬರಲಿ.

ಇಂತಿ,
ಸತ್ಕಾರ ಮಾಡಿ ಸಿಕ್ಕಿಬಿದ್ದ,
ಅರ್ಜಿದಾರಳ ತಾತ

ಲಗತ್ತು: ಆದಾಯ ಪ್ರಮಾಣಪತ್ರದ ನಕಲು, ಒಂದು. (ಈ ಹಿಂದೆಯೂ ಸಲ್ಲಿಸಲಾಗಿತ್ತು. ಸಮಿತಿಯ ಕಣ್ಣಿಗೆ ಬೀಳಲೆಂದು ಈ ಬಾರಿ ದೊಡ್ಡದಾಗಿ ಜೆರಾಕ್ಸ್ ಮಾಡಿಸಿದೆ.)