ಗೇಟಿನಿಂದ ವಾಪಸಾದ ಪೊಟ್ಟಣ

ಅಲ್ ಥುಮಾಮಾ, ದೋಹಾ
೬ ಫೆಬ್ರುವರಿ ೨೦೨೫

ಪ್ರೀತಿಯ ಮಗಳು ಮುಫೀದಾಳಿಗೆ ಉಪ್ಪನ ಸಲಾಂ.

ನಾನು ಸೌಖ್ಯ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ, ನೀನು ಕೇಳುವ ಮೊದಲೇ ಹೇಳಿಬಿಟ್ಟೆ. "ಆ ವಿಷಯ ಫೋನಿನಲ್ಲಿ ಬೇಡ ಉಪ್ಪಾ" ಎಂದಿದ್ದೆಯಲ್ಲ, ಅದಕ್ಕೇ ಈ ಕಾಗದ. ತಡವಾದದ್ದಕ್ಕೆ ಕ್ಷಮಿಸು. ಬರೆಯಲು ಕೂತಾಗಲೆಲ್ಲ ಎದುರಿನ ಮಂಚದಲ್ಲಿ ತನಿಯ ಇರುತ್ತಿದ್ದ. ಇವತ್ತು ಅವನಿಗೆ ಓವರ್‌ಟೈಮ್. ನಮ್ಮ ಕಟ್ಟಡದ ಇರ್ಷಾದ್ ನಾಳೆ ಊರಿಗೆ ಹೊರಟಿದ್ದಾನೆ. ನಿನ್ನ ಕ್ವಾರ್ಟರ್ಸ್ ಕಡೆ ಹೋಗಬೇಡ, ಮಂಗಳೂರಿನಲ್ಲೇ ಅಂಚೆಗೆ ಹಾಕು ಎಂದು ಅವನಿಗೆ ಹೇಳಿದ್ದೇನೆ.

ನೀನು ಸಿವಿಲ್ ನ್ಯಾಯಾಧೀಶೆಯಾಗಿ ಆಯ್ಕೆಯಾದ ದಿನ ನೆನಪಾಗುತ್ತದೆ. ಹೈಕೋರ್ಟಿನ ಪಟ್ಟಿಯಲ್ಲಿ ನಿನ್ನ ಹೆಸರು ಬಂತು ಎಂದದ್ದೇ ತಡ, ತನಿಯ ಕೆಲಸದ ಬಟ್ಟೆಯಲ್ಲೇ ಹೋಗಿ ಕುನಾಫಾ ಸಿಹಿ ತಂದು ಇಡೀ ಕಟ್ಟಡಕ್ಕೆ ಹಂಚಿದ. ಆದರೆ ಇಲ್ಲಿಯ ನಮ್ಮ ಊರವರ ಸಂಘದವರು ನಿನಗೆ ಸನ್ಮಾನ ಮಾಡುತ್ತೇವೆಂದಾಗ ತಡೆದವನೂ ಅವನೇ. "ಜಡ್ಜಿಗೆ ಹಾರ ಹಾಕಿದವನೇ ನಾಳೆ ಅವಳ ಕಟಕಟೆಯಲ್ಲಿ ನಿಂತರೆ? ಖಲಾಸ್. ಆ ಶಾಲು ನಮ್ಮ ರೂಮಿನ ಮೋನುವಿಗೆ ಹೊದೆಸಿ, ಎಸಿ ಹಾಕಿದರೆ ಅವನಿಗೆ ಚಳಿ" ಎಂದ. ಮೋನು ಕೂಡ ನಕ್ಕ.

ಬಯಲುಸೀಮೆಯಲ್ಲಿ ಮೂರು ವರ್ಷ ಕಳೆದು ನೀನು ಪಕ್ಕದ ಜಿಲ್ಲೆಗೆ, ತನಿಯನ ತಾಲೂಕಿನ ಕೋರ್ಟಿಗೆ ವರ್ಗವಾದಾಗ ನನಗೆ ಹಬ್ಬ. ತನಿಯ ಮಾತ್ರ, "ಬಾಲೆಯನ್ನು ಅಷ್ಟು ಹತ್ತಿರ ಯಾಕೆ ಹಾಕಿದರು ಮಾರಾಯ?" ಎಂದ. ಆಗ ನನಗೆ ಅರ್ಥವಾಗಲಿಲ್ಲ. ಅವನ ಮನೆಗೆ ಹೋಗುವ ದಾರಿಗೆ ನೆರೆಯವನು ಕಾಂಪೌಂಡ್ ಕಟ್ಟಿದ್ದು, ಹೆಂಡತಿ ಪೂವಕ್ಕನ ಹೆಸರಿನಲ್ಲಿ ದಾವೆ ಹೂಡಿದ್ದು, ಆ ದಾವೆ ನಿನ್ನ ಕೋರ್ಟಿನಲ್ಲೇ ಇದ್ದದ್ದು, ಯಾವುದನ್ನೂ ಅವನು ನನಗೆ ಹೇಳಿರಲಿಲ್ಲ. ಯಾಕೆಂದು ಆಮೇಲೆ ಕೇಳಿದೆ.

"ಹೇಳಿದ್ದರೆ ನೀನು ಅವಳಿಗೆ ಫೋನ್ ಮಾಡುತ್ತಿದ್ದೆ. ನಿನ್ನ ಬಾಯಿ ನನಗೆ ಗೊತ್ತಿಲ್ಲವಾ?"

"ಮತ್ತೆ ಅವಳ ಕ್ವಾರ್ಟರ್ಸಿಗೆ ಪೊಟ್ಟಣ ಯಾಕೆ ತೆಗೆದುಕೊಂಡು ಹೋದೆ?"

"ನೀನು ಕೊಟ್ಟೆ. ಬಾಲೆಯ ಸಾಮಾನು. ಇಷ್ಟು ವರ್ಷ ಯಾರು ಕೊಂಡುಹೋದದ್ದು?"

ಇಲ್ಲಿಯ ಪದ್ಧತಿ ನಿನಗೆ ಗೊತ್ತು. ಊರಿಗೆ ಹೊರಟವನು ರೂಮಿನಲ್ಲಿ ಎಲ್ಲರನ್ನೂ "ಸಾಮಾನು ಉಂಟಾ?" ಎಂದು ಕೇಳುತ್ತಾನೆ. ಇಲ್ಲ ಎನ್ನುವವರಿಲ್ಲ, ಕೊಂಡುಹೋಗುವುದಿಲ್ಲ ಎನ್ನುವವರೂ ಇಲ್ಲ. ನಿನ್ನ ಮೊದಲ ಕಂಪಾಸ್ ಬಾಕ್ಸು, ಉಮ್ಮನ ಔಷಧಿ, ನೀನು ವಕೀಲೆಯಾದಾಗ ಕೋಟಿಗೆಂದು ಕಳಿಸಿದ ಕಪ್ಪು ಬಟ್ಟೆ ಎಲ್ಲವೂ ಅವನ ಕೈಯಲ್ಲೇ ಬಂದದ್ದು. ವಿಮಾನ ಇಳಿದು ತನ್ನ ಮನೆಗೆ ಹೋಗುವ ಮೊದಲು ನಮ್ಮ ಮನೆಗೆ ಬರುತ್ತಿದ್ದ.

ಆ ದಿನವೂ ನಾನು ಕೊಟ್ಟ ಪೊಟ್ಟಣ ಹಿಡಿದು ಹಾಗೆಯೇ ನಿನ್ನ ಕ್ವಾರ್ಟರ್ಸಿಗೆ ಬಂದ. ಗೇಟಿನ ಪೊಲೀಸು ಹೆಸರು, ಊರು ಕೇಳಿ ಒಳಗೆ ತಿಳಿಸಿದ. "ಕಕ್ಷಿದಾರರ ಮನೆಯವರು, ವಾಪಸ್ ಹೋಗಲಿ" ಎಂದು ನೀನು ಹೇಳಿ ಕಳಿಸಿದೆ. ಕಿಟಕಿಯಲ್ಲಿ ನೀನು ಕಂಡೆಯಂತೆ. "ಸ್ವಲ್ಪ ಸೊರಗಿದ್ದಾಳೆ" ಎಂದಷ್ಟೇ ಅವನು ನನಗೆ ವರದಿ ಕೊಟ್ಟದ್ದು. ಮರುದಿನ ಎದುರು ಪಕ್ಷದ ವಕೀಲರು ಕೋರ್ಟಿನಲ್ಲಿ ಆ ಪೊಟ್ಟಣದ ಮಾತೆತ್ತಿದರು. ನೀನು ನಡೆದದ್ದನ್ನು ದಾಖಲಿಸಿ, ಕೇಸನ್ನು ಬೇರೆ ಕೋರ್ಟಿಗೆ ಕೊಡುವಂತೆ ಜಿಲ್ಲಾ ನ್ಯಾಯಾಧೀಶರಿಗೆ ಬರೆದೆ.

ನೀನು ಮಾಡಿದ್ದು ಸರಿ. ಇದನ್ನು ನಾನು ಇಲ್ಲಿ ಎಲ್ಲರೆದುರು ಹೇಳಿದ್ದೇನೆ. ನೀನು ಬಾಗಿಲು ತೆರೆದಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಆದರೆ ನಿನ್ನ ಆದೇಶದಲ್ಲಿ "ಪ್ರಭಾವ ಬೀರುವ ಯತ್ನ" ಎಂಬ ಒಂದು ಮಾತಿದೆ. ಅದು ಪೇಪರಿನಲ್ಲಿ ಬಂತು. ಪೇಪರಿನಿಂದ ನಮ್ಮೆಲ್ಲರ ಮೊಬೈಲಿಗೂ ಬಂತು. ಅದು ತನಿಯನ ಬಗ್ಗೆ ಎಂದು ತಿಳಿಯದೆ ಮೋನು ಅದನ್ನು ಗಟ್ಟಿಯಾಗಿ ಓದಿದ. ತನಿಯ ಇಸ್ತ್ರಿ ಹಾಕುತ್ತಿದ್ದ, ಹಾಕುತ್ತಲೇ ಇದ್ದ. ಅಂಗಿ ಮಡಚಿಟ್ಟ ಮೇಲೆ, "ಅವಳು ಹಾಗೆಯೇ ಬರೆಯಬೇಕಲ್ಲ, ಕುರ್ಚಿ ಅಂಥದ್ದು" ಎಂದ. ಅಂದಿನಿಂದ ಸಂಘದ ಕಡೆ ಹೋಗಿಲ್ಲ. ಶುಕ್ರವಾರ ಅಲ್ ವಕ್ರಾದ ಸಮುದ್ರದ ಕಡೆ ಕರೆದರೂ ಬರುವುದಿಲ್ಲ.

ಆದೇಶ ತಿದ್ದು ಎಂದು ನಾನು ಕೇಳುತ್ತಿಲ್ಲ. ಅದು ಕೋರ್ಟಿನದು. ಆ ಮನುಷ್ಯ ಯತ್ನಿಸಿದ್ದು ಏನನ್ನು ಎಂದು ನಿನಗಾದರೂ ಗೊತ್ತಿರಲಿ, ಅಷ್ಟೆ.

ಉಮ್ಮನನ್ನು ನೋಡಿಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು. ನ್ಯಾಯ ಹೇಳುವ ಧೈರ್ಯವನ್ನು ಅಲ್ಲಾಹು ನಿನಗೆ ಕೊಡಲಿ. ಹೇಳಿದ ಮೇಲೆ ನೆಮ್ಮದಿಯ ನಿದ್ದೆಯನ್ನೂ ಕೊಡಲಿ.

ನಿನ್ನ ಉಪ್ಪ,
ಇಬ್ರಾಹಿಂ

ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ: ತನಿಯ ಪೂವಕ್ಕನಿಗೆ ಹೇಳಿ ದಾವೆಯನ್ನೇ ಹಿಂತೆಗೆಸಿದ್ದಾನೆ. "ಹೊಸ ಕೋರ್ಟಿನಲ್ಲೂ ಆ ವಕೀಲ ಬಾಲೆಯ ಹೆಸರು ಎಳೆಯುತ್ತಾನೆ. ನಮಗೇನು, ಗದ್ದೆಯ ಅಂಚಿನಲ್ಲಿ ಸುತ್ತಿ ಹೋದರಾಯಿತು" ಎಂದ. ಪೂವಕ್ಕನಿಗೆ ಮೊಣಕಾಲು ನೋವು, ಅಷ್ಟು ಸುತ್ತುವುದು ಸುಲಭವಲ್ಲ. ಈ ತಿಂಗಳ ಕೊನೆಗೆ ನಾನು ಊರಿಗೆ ಬರುತ್ತಿದ್ದೇನೆ. ನಿನ್ನೆ ಅವನನ್ನು, "ಸಾಮಾನು ಉಂಟಾ?" ಎಂದು ಕೇಳಿದೆ. "ಮಾಫಿ, ಏನೂ ಇಲ್ಲ" ಎಂದ. ಇಷ್ಟು ವರ್ಷಗಳಲ್ಲಿ ಅವನು ಹಾಗೆಂದದ್ದು ಇದೇ ಮೊದಲು. ಪೆಟ್ಟಿಗೆಯಲ್ಲಿ ಅವನ ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ.