ಎಡಗಡೆಗೆ ಸರಿದ ಚಹಾ ಬಟ್ಟಲು

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಚಿನಕುರಳಿಗೆ,

ಅಮ್ಮನ ಮುತ್ತುಗಳು. ಫೋನಿನಲ್ಲಿ ನಿನ್ನ ಬಾಯಿಗೆ ಎದುರು ನಿಲ್ಲುವುದು ನನ್ನಿಂದಾಗದು, ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಸಿಟ್ಟು ಮಾಡಿಕೋ.

ಶನಿವಾರ ಆ ಜಪಾನೀ ಹೋಟೆಲಿನಲ್ಲಿ ನಾನೂ ನಿನ್ನ ಅಪ್ಪನೂ ಒಟ್ಟಿಗೆ ಉಂಡು, ಮಾತಾಡಿ, ನಾನು ಮನೆಗೆ ವಾಪಸಾಗಬೇಕೆಂದು ನೀನು ಎಲ್ಲ ಏರ್ಪಾಡು ಮಾಡಿದ್ದೆ. ಕೊನೆಗೆ ನಾನೊಬ್ಬಳೇ ಉಂಡು ಬಂದೆನೆಂದು ತಿಳಿದು, ಅಯ್ಯೋ ಪಾಪ, ಅಷ್ಟು ಜನರ ಮಧ್ಯೆ ಅಮ್ಮ ಒಂಟಿಯಾಗಿ ಕೂತಿದ್ದಳಲ್ಲ ಎಂದು ಕಣ್ಣೀರು ಹಾಕಿದೆಯಂತೆ. ಅಳಿಯಂದಿರು ಹೇಳಿದರು. ಹೊಟ್ಟೆ ತುಂಬ ಉಂಡು ಬಂದವಳಿಗಾಗಿ ಯಾರಾದರೂ ಅಳುತ್ತಾರೆಯೇ?

ನೀನು ಹೇಳಿದ್ದು ಒಂದು ಗಂಟೆಗೆ. ನಾನು ಹನ್ನೆರಡೂವರೆಗೇ ಹೋದೆ. ಬೆಳಿಗ್ಗೆಯಿಂದ ದರ್ಜಿ ಅಂಗಡಿಯಲ್ಲಿ ನಲವತ್ತು ಅಂಗಿಗೆ ಕಾಜಾ ಹೊಲಿದಿದ್ದೆ, ಹೊಟ್ಟೆ ಚುರುಗುಟ್ಟುತ್ತಿತ್ತು. ಬಡಿಸುವಾಕೆ ನನ್ನ ವಾರಿಗೆಯವಳು. ಅಡುಗೆಯವರ ಎದುರಿನ ಉದ್ದ ಕಟ್ಟೆಯ ಮುಂದೆ ಕೂರಿಸಿ, ಕೈ ಒರೆಸಿಕೊಳ್ಳಲು ಬಿಸಿಯಾದ ಒದ್ದೆ ಬಟ್ಟೆ ಕೊಟ್ಟು, ಕಾಯ್ತೀರಾ, ಶುರು ಮಾಡ್ತೀರಾ ಎಂದು ಕೇಳಿದಳು. ಶುರು ಮಾಡುತ್ತೇನೆ ಎಂದೆ. ಬಟ್ಟೆಯನ್ನು ಎಡಗೈಯಿಂದ ಮಡಿಸಿಟ್ಟೆ, ಅಷ್ಟೇ. ಆಕೆ ಅದನ್ನು ನೋಡಿ ಊಟದ ಕಡ್ಡಿಗಳನ್ನು ತಿರುಗಿಸಿಟ್ಟಳು, ಚಹಾ ಬಟ್ಟಲನ್ನು ಎಡಗಡೆಗೆ ಸರಿಸಿದಳು. ಆಮೇಲೆ ಅಡುಗೆಯವರು ಇಟ್ಟ ಮೀನಿನ ತುಂಡುಗಳೂ ನನ್ನ ಎಡಗೈಗೆ ಒದಗುವ ಹಾಗೆ ಓರೆಯಾಗಿ ಬಂದು ಕೂತವು. ಇದೇನು ಎಂದು ಕೇಳಿದೆ. ಉಣ್ಣೋರು ಯಾವ ಕೈಯವರು ಅಂತ ನಾವೇ ನೋಡ್ಕೋಬೇಕು, ಅವರು ಬಾಯಿಬಿಟ್ಟು ಹೇಳೋ ಹಾಗಾಗಬಾರದು ಎಂದು ಆಕೆ ನಕ್ಕಳು.

ಅಪ್ಪ ನನ್ನನ್ನು ಎಡಚಿ ಎಂದು ಕರೆಯುವುದು ಪ್ರೀತಿಯಿಂದ ಎಂದೇ ನೀನು ತಿಳಿದಿದ್ದೀಯ. ನೆಂಟರಿರಲಿ ಬಿಡಲಿ, ನನ್ನ ಎಡಗೈ ತಟ್ಟೆಗೆ ಹೋದರೆ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದರು. ಮುಖದಲ್ಲಿ ನಗು, ಕೆಳಗೆ ಹಿಮ್ಮಡಿ. ನೀನು ಎದುರಿಗೇ ಕೂತಿರುತ್ತಿದ್ದೆ. ನಿನಗೆ ಕಾಣಲಿಲ್ಲ, ಕಾಣಲು ನಾನೂ ಬಿಡಲಿಲ್ಲ. ಇಷ್ಟಕ್ಕೇ ಮನೆ ಬಿಟ್ಟೆಯಾ ಎನ್ನಬೇಡ. ಇಪ್ಪತ್ತಾರು ವರ್ಷ, ದಿನಕ್ಕೆ ಎರಡು ಊಟ, ನೀನೇ ಲೆಕ್ಕ ಹಾಕು.

ಶನಿವಾರ ಎಡಗೈಯಲ್ಲೇ ಉಂಡೆ. ಕಡ್ಡಿ ಹಿಡಿಯಲು ಬಾರದೆ ಎರಡು ಸಲ ಅನ್ನ ಮಡಿಲಿಗೆ ಬಿತ್ತು. ಬಿದ್ದರೆ ಬೀಳಲಿ ಎಂದು ಇನ್ನೊಂದು ಬಟ್ಟಲು ಸಾರು ಕೇಳಿ ಹಾಕಿಸಿಕೊಂಡೆ.

ನಾನು ವಾಪಸ್ ಬರುವುದಿಲ್ಲ, ಕಂದ. ಅಪ್ಪನಿಗೆ ಅಡುಗೆ ಬರುವುದಿಲ್ಲ ಎನ್ನುತ್ತೀಯ. ಅವರದು ಸರಿಯಾದ ಕೈಯೇ ಅಲ್ಲವೇ, ಕಲಿಯಲಿ. ನನ್ನ ಒಂಟಿ ಕೋಣೆಯಲ್ಲಿ ಇರುವುದು ಒಂದೇ ತಟ್ಟೆ ಎಂದು ನಿನ್ನ ಸೋದರತ್ತೆ ಊರೆಲ್ಲ ಸಾರಿಕೊಂಡು ಬರುತ್ತಿದ್ದಾರಂತೆ. ಸಾರಲಿ. ನೀನು ಬರುವ ದಿನ ಇನ್ನೊಂದು ತಟ್ಟೆ ತರುತ್ತೇನೆ.

ಮಾತು ಕೊಟ್ಟು ಬರಲಿಲ್ಲವೆಂದು ಅಪ್ಪನ ಮೇಲೆ ಹರಿಹಾಯ್ದೆಯಂತೆ. ಅವರೂ ಬಾಯಿ ಬಿಡಲಿಲ್ಲವಂತೆ. ಅದನ್ನು ಅಲ್ಲಿಗೇ ಬಿಟ್ಟುಬಿಡು.

ಇಂತಿ,
ಯಾರ ಅಯ್ಯೋ ಪಾಪವೂ ಬೇಡದ
ನಿನ್ನ ಅಮ್ಮ

ತಾ.ಕ.: ಬಿಟ್ಟುಬಿಡು ಎಂದು ಬರೆದೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಮಾಡದ ತಪ್ಪಿಗೆ ಅವರು ನಿನ್ನಿಂದ ಬೈಸಿಕೊಳ್ಳುವುದು ಬೇಡ. ಅಪ್ಪ ಬಂದಿದ್ದರು. ಸರಿಯಾಗಿ ಒಂದು ಗಂಟೆಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಬಾಗಿಲಲ್ಲೇ ನಿಂತು, ಮೊದಲು ನನ್ನ ಕೈ ನೋಡಿ, ಹುಬ್ಬು ಗಂಟಿಕ್ಕಿ, ತಮ್ಮ ಬಲಗೈ ಎತ್ತಿ ತೋರಿಸಿದರು. ಬಡಿಸುವಾಕೆ ನನ್ನತ್ತ ಬಗ್ಗಿ, ಅವರು ನಿಮ್ಮ ಜೊತೆಯವರಾ ಎಂದು ಮೆಲ್ಲಗೆ ಕೇಳಿದಳು. ಅಪ್ಪನಿಗೂ ಕೇಳಿಸುವ ಹಾಗೆ, ಅಲ್ಲ, ನಾನೊಬ್ಬಳೇ ಎಂದೆ.