ಬಕೆಟ್ ಹತ್ತಿದರೆ ಸಮುದ್ರ

ಪ್ರೀತಿಯ ಅಕ್ಕ,

ಈ ಕಾರ್ಡಿನ ಮೇಲಿರುವ ಸಮುದ್ರವನ್ನು ಚೆನ್ನಾಗಿ ನೋಡಿಕೋ, ನನಗೆ ಸಿಕ್ಕಿದ್ದೂ ಅಷ್ಟೇ. ಹೋಟೆಲ್ ಕಂಪನಿಗೆ ಮೊದಲೇ ದುಡ್ಡು ಕಟ್ಟಿ ರಜೆಯ ಪಾಯಿಂಟ್ ಕೊಂಡಾಗ ಇವರು, ಇನ್ನು ವರ್ಷಕ್ಕೊಂದು ವಾರ ಕಡಲೆದುರಿನ ರೂಮು ನಮ್ಮದೇ ಎಂದು ಬೀಗಿದ್ದರಲ್ಲ? ನಮ್ಮ ಪಾಯಿಂಟಿಗೆ ಬಂದಿದ್ದು ಹಿಂಬದಿಯ ರೂಮು. ಕಿಟಕಿ ತೆರೆದರೆ ಒಣಗಲು ಹಾಕಿದ ಹೋಟೆಲಿನ ಬೆಡ್‌ಶೀಟುಗಳು. ಬಾತ್‌ರೂಮಿನಲ್ಲಿ ಬಕೆಟ್ ಬೋರಲು ಹಾಕಿ ಹತ್ತಿ ನಿಂತರೆ ಮೇಲಿನ ಕಿಂಡಿಯಲ್ಲಿ ಬೊಗಸೆಯಷ್ಟು ಸಮುದ್ರ ಕಾಣುತ್ತದೆ. ಇವರು ದಿನಾ ಹತ್ತಿ, “ಇವತ್ತು ಅಲೆ ಜೋರಾಗಿದೆ ಕಣೇ!” ಎಂದು ವರದಿ ಒಪ್ಪಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಕೌಂಟರಿನ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡೆ. “ಸೀಸನ್ನಲ್ಲಿ ಜಾಸ್ತಿ ಪಾಯಿಂಟ್ ಬೇಕಾಗುತ್ತೆ ಮೇಡಂ. ನೀವು ಓನರ್ ಅಲ್ವಾ, ಇನ್ನೊಂದಿಷ್ಟು ತಗೊಂಡ್ಬಿಡಿ,” ಎಂದಳು. ಓನರಂತೆ ಓನರು! ಇನ್ನೊಂದು ಟವೆಲ್ ಕೇಳಿದರೆ ಅದಕ್ಕೂ ಪಾಯಿಂಟ್!

ನಿನ್ನೆ ಬಕೆಟ್ ಒಡೆದು ಇವರ ಕಾಲು ಉಳುಕಿದೆ. ಗಾಬರಿಪಡಬೇಡ, ಮುಲಾಮು ಹಚ್ಚಿದ್ದೇನೆ.

ಜಾಗ ಮುಗಿಯುತ್ತಿದೆ, ಮುಖ್ಯ ವಿಷಯ ಕೇಳು: ನೆಂಟರ ನಂಬರ್ ಕೊಟ್ಟರೆ ಪಾಯಿಂಟ್ ಬಿಟ್ಟಿ ಎಂದು ಕಂಪನಿಯವರು ಹೇಳಿದ್ದಕ್ಕೆ ಈ ಮಹಾರಾಯರು ಭಾವನ ನಂಬರ್ ಕೊಟ್ಟಿದ್ದಾರೆ. ಅವರ ಫೋನನ್ನು ಈಗಲೇ ಕಿತ್ತಿಟ್ಟುಕೋ. ಈ ಕಾರ್ಡ್ ತಲುಪುವ ಮೊದಲೇ ಭಾವ ಪಾಯಿಂಟ್ ಕೊಳ್ಳಲು ಸಹಿ ಹಾಕಿಬಿಟ್ಟಿದ್ದರೆ, ಬರುವಾಗ ಮನೆಯಿಂದಲೇ ಗಟ್ಟಿ ಬಕೆಟ್ ತನ್ನಿ.

ನಿನ್ನ ತಂಗಿ